ಬುಧವಾರದ ಬಸ್ಸು

ಮೌಖಿಕ ಪರೀಕ್ಷೆಯ ಪ್ರೊಫೆಸರ್ ಕನ್ನಡಕ ಮೇಲೇರಿಸಿ, ಎದುರು ನಿಂತಿದ್ದ ಡೆಲ್ಫಿನಾಳ ಬಿಳಿ ಕೋಟಿನ ಮೇಲೆ ಹೊಲಿದಿದ್ದ ಹೆಸರನ್ನು ಓದಿದರು.

“ಅನ್ಸೆಲ್ಮೊ ಚೋಕೆ. ಕೂತ್ಕೊಳ್ಳಪ್ಪ.”

ಕೋಣೆ ಗೊಳ್ಳೆಂದು ನಕ್ಕಿತು. ಅವಳ ಕೋಟು ಬೆಳಿಗ್ಗೆ ಮಿನಿಬಸ್ಸಿನಲ್ಲೇ ಉಳಿದುಹೋಗಿತ್ತು. ಗಡಿಬಿಡಿಯಲ್ಲಿ ಗೋಡೆಯ ಮೊಳೆಯಿಂದ ಎಳೆದುಕೊಂಡದ್ದು ಯಾರದೋ ಕೋಟು.

ಆ ಯಾರೋ ಹೊರಗೆ ಬಾಗಿಲ ಬಳಿಯೇ ನಿಂತಿದ್ದ. ಎತ್ತರದ ಹುಡುಗ, ಡೆಂಟಲ್ ಕೊನೆಯ ವರ್ಷ. ಬೈಯುತ್ತಾನೆಂದು ಅವಳು ತಲೆ ತಗ್ಗಿಸಿದಳು. ಅವನು ಮೆಲ್ಲಗೆ ಕೇಳಿದ:

“ಪಾಸಾದ್ನಾ ನಾನು?”

ಆಮೇಲೆ ಅವಳು ಮರೆತದ್ದೆಲ್ಲ ಅದು ಹೇಗೋ ಅವನ ಕೈಗೇ ಸಿಗುತ್ತಿತ್ತು. ಸಾಲ್ತೆನ್ಯಾ ಕಡುಬಿನ ಅಂಗಡಿಯಲ್ಲಿ ಬಿಟ್ಟ ಬೀಗದ ಕೈ, ಲೈಬ್ರರಿಯಲ್ಲಿ ಬಿಟ್ಟ ಛತ್ರಿ, ಒಮ್ಮೆ ಒಂದೇ ಕಾಲಿನ ಶೂ.

“ಇದೂ ನಿಂದೇನಾ? ತಲೆ ಭದ್ರವಾಗಿದೆ ತಾನೇ?” ಅನ್ನುತ್ತಿದ್ದ. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲುತ್ತಿರಲಿಲ್ಲ.

“ಆ ಹುಡುಗನ್ನೇ ಎಲ್ಲಾದ್ರೂ ಬಿಟ್ಟು ಬಂದೀಯ, ಹುಷಾರು ಕಣೇ!” ಎಂದು ಅವಳ ಸೋದರತ್ತೆ ಎಲ್ಸಿರಾ ಚುಡಾಯಿಸುತ್ತಿದ್ದಳು.

ಅವನ ವಿಷಯ ಮಾತ್ರ ಅವಳಿಗೆ ಒಂದೂ ಮರೆಯುತ್ತಿರಲಿಲ್ಲ, ಅದೇ ವಿಚಿತ್ರ. ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತು, ನಿಂಬೆ ಸೋಪಿನ ವಾಸನೆ, ಸಾಲ್ತೆನ್ಯಾದ ಬಿಸಿ ರಸ ಒಂದು ಹನಿಯೂ ಚೆಲ್ಲದಂತೆ ಅವನು ತಿನ್ನುವ ಪರಿ. ರಸ ಮೊಣಕೈವರೆಗೆ ಇಳಿಸಿಕೊಂಡು ಅವಳು ಅವನನ್ನೇ ನೋಡುತ್ತ ಕೂರುತ್ತಿದ್ದಳು. ಹೇಳಬೇಕಾದದ್ದನ್ನು ದಿನವೂ ನಾಳೆಗೆ ಮುಂದೂಡುತ್ತಿದ್ದಳು.

ಫೆಬ್ರವರಿಯಲ್ಲಿ ಅವನಿಗೆ ಹಳ್ಳಿಯ ಸೇವೆಯ ಆದೇಶ ಬಂತು. ಒಂದು ವರ್ಷ, ಪೊಟೊಸಿ ಪಟ್ಟಣದಿಂದಲೂ ಆಚೆ.

“ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಬಸ್ಸು. ಬರ್ತೀಯಲ್ಲ?”

ಅವಳು ಅದನ್ನು ಮಣಿಕಟ್ಟಿನ ಮೇಲೆ ಬರೆದುಕೊಂಡಳು. ಅಳಿಸೀತೆಂದು ಮೂರು ದಿನ ಒಂದೇ ಕೈಯಲ್ಲಿ ಪಾತ್ರೆ ತೊಳೆದಳು.

ಬುಧವಾರ ಸುಕ್ರೆ ನಗರದ ಇಳಿಜಾರು ಬೀದಿಗಳಲ್ಲಿ ಓಡಿದಳು. ನೀರೆರಚಾಡುವ ಕಾರ್ನಿವಲ್ ಹಬ್ಬ ಹತ್ತಿರವಿತ್ತು. ಮಹಡಿಯಿಂದ ಬಿದ್ದ ನೀರಿನ ಬಲೂನು ನೆತ್ತಿಯ ಮೇಲೇ ಒಡೆಯಿತು. ಮಣಿಕಟ್ಟಿನ ಶಾಯಿ ಕರಗಿತು. ಆದರೂ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದಿದ್ದಳು.

“ಆ ಕಡೆಗಾ? ಇವತ್ತೆಲ್ಲಿ ಬಸ್ಸು ತಾಯೀ! ಗುರುವಾರಕ್ಕೊಂದೇ,” ಎಂದಳು ಒಳಗಿದ್ದ ಹೆಂಗಸು.

ಡೆಲ್ಫಿನಾ ತನ್ನ ತಲೆಗೆ ತಾನೇ ಶಾಪ ಹಾಕುತ್ತ ತಿರುಗಿದಳು. ಗಡಿಯಾರದ ಕೆಳಗಿನ ಬೆಂಚಿನಲ್ಲಿ ಅನ್ಸೆಲ್ಮೊ! ಪಕ್ಕದಲ್ಲಿ ಒಂದು ಚೀಲವೂ ಇರಲಿಲ್ಲ.

“ಬಸ್ಸು ನಾಳೆಯಂತೆ ಕಣೋ!”

“ಗೊತ್ತು.” ಅವನ ಕಿವಿ ಕೆಂಪಾಯಿತು. “ನಿನಗೊಬ್ಬಳಿಗೇ ಬುಧವಾರ ಅಂದೆ. ಮರೆತು ಒಂದು ದಿನ ತಡ ಮಾಡಿದ್ರೂ ಸಿಗ್ತೀಯ ಅಂತ.”

“ಮತ್ತೆ ಇವತ್ತು ನೀನ್ಯಾಕೆ ಬಂದೆ?”

“ನೆನಪಿಟ್ಕೊಂಡು ಬಂದುಬಿಟ್ರೆ? ಇಲ್ಲಿ ಒಬ್ಬಳೇ ನಿಂತ್ಕೊಂಡಿರ್ತೀಯ ಅನ್ನಿಸ್ತು. ಏಳು ಗಂಟೆಗೇ ಬಂದೆ.”

ಅವಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿಂದಲೂ.

“ವರ್ಷವಿಡೀ ಇದನ್ನ ಹೊಟ್ಟೇಲಿಟ್ಕೊಂಡಿರೋಕೆ ನನ್ ಕೈಲಾಗಲ್ಲ. ನೀನಂದ್ರೆ ನಂಗೆ ಪ್ರಾಣ.”

ಅವನು ಅವಳ ಹಣೆಗಂಟಿದ ಕೂದಲನ್ನು ಬೆರಳಿಂದ ಸರಿಸಿದ. “ಯಾವತ್ತಿಂದ?”

“ಅದು ನೆನಪಿಲ್ಲ.”

ಅವನು ನಗುತ್ತಲೇ ಅವಳನ್ನು ಎದೆಗೊತ್ತಿಕೊಂಡ. “ನಂಗೆ ನೆನಪಿದೆ,” ಎಂದ.

ಒಂದು ಇಡೀ ದಿನ ಅವರಿಗೆ ಸಿಕ್ಕಿತು. ಮರುದಿನ ಬಸ್ಸು ಹೊರಟಾಗ ಅವಳು ಕಿಟಕಿಯ ಜೊತೆ ಜೊತೆಗೇ ಓಡಿದಳು.

“ಗುಡ್ಡ ಹತ್ತಿದ್ರೆ ಸಿಗ್ನಲ್ ಸಿಗುತ್ತಂತೆ! ಭಾನುವಾರ ಫೋನ್ ಮಾಡ್ತೀನಿ!” ಎಂದ ಅವನು, ಕಿಟಕಿಯಿಂದ ತಲೆ ಹೊರಹಾಕಿ.

“ಯಾವ ಭಾನುವಾರ?”

ಅವನು ಏನೋ ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಡೆಲ್ಫಿನಾ ಆ ವರ್ಷದ ಎಲ್ಲ ಭಾನುವಾರಗಳನ್ನೂ ಅವನಿಗೆಂದೇ ಖಾಲಿ ಇಟ್ಟಳು.