ಮೂರನೆಯ ರವಿವಾರದ ತಕರಾರು

"ಕಣ್ಣ ತಿಕ್ಕಬ್ಯಾಡ. ಕೈ ತಗಿ."

ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯಲ್ಲೇ ಕಣ್ಣುಜ್ಜಿಕೊಂಡು ಕೃಪಾವತಿ ಬ್ಯಾಡಗಿಯ ದವಾಖಾನೆ ಕಟ್ಟೆಯ ಮೇಲೆ ಒದ್ದಾಡುತ್ತಿದ್ದಳು. ರಾಣೆಬೆನ್ನೂರಿನಿಂದ ಹೊಸದಾಗಿ ಬಂದಿದ್ದ ನರ್ಸು ಜೀವರತ್ನ ಅವಳ ಗದ್ದ ಎತ್ತಿ ಹಿಡಿದು ತಣ್ಣೀರು ಬಿಟ್ಟಳು. ಉರಿ ಇಳಿದು ಕಣ್ಣು ತೆರೆದಾಗ ಎದುರಿಗಿದ್ದದ್ದು ಆ ಮುಖ. ಕೃಪಾಳ ಎದೆ ಧಸಕ್ಕೆಂದಿತು.

ಒಂದು ಹೆಣ್ಣನ್ನು ನೋಡಿ ಹೀಗೂ ಆಗುತ್ತದೆಯೇ...?

ಅದು ತೊಂಬತ್ತೊಂದರ ಮಾತು. ಇಬ್ಬರೂ ಒಂದೇ ಚರ್ಚಿಗೆ ಹೋಗುವವರು. ಹೆಂಗಸರ ಸಾಲಿನಲ್ಲಿ ಅಕ್ಕಪಕ್ಕ ಕೂತು, ಒಂದೇ ಹಾಡಿನ ಪುಸ್ತಕ ಹಿಡಿದು, ವರ್ಷ ತುಂಬುವುದರೊಳಗೆ ಗೆಳತಿ ಎಂಬ ಮಾತು ಅವರಿಗೆ ಸಾಲದಾಯಿತು. ನೀನಿಲ್ಲದೆ ಆಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೂ ಆಗಿತ್ತು.

ಅಷ್ಟರಲ್ಲಿ ಸೋದರಮಾವ ಹಾವೇರಿಯ ಮಾಸ್ತರನೊಬ್ಬನ ಸಂಬಂಧ ತಂದ. ಕೃಪಾ ಬೇಡ ಎನ್ನಲಿಲ್ಲ. ಏನು ಕಾರಣ ಕೊಟ್ಟಾಳು? ತಾಯಿಯ ಆರೈಕೆಗೆಂದು ಊರಿಗೆ ಹೋಗಿದ್ದ ಜೀವರತ್ನಳಿಗೂ ತಿಳಿಸಲಿಲ್ಲ. ಅಂಜುಬುರುಕಿ, ಇನ್ನೇನನ್ನಬೇಕು ಅವಳಿಗೆ.

ಮದುವೆಗೆ ಮುಂಚೆ ಮೂರು ರವಿವಾರ ವಧೂವರರ ಹೆಸರನ್ನು ಚರ್ಚಿನಲ್ಲಿ ಎಲ್ಲರೆದುರು ಓದುವುದು ಪದ್ಧತಿ. ಎರಡು ಸಲ ಓದಿದ್ದಾಗಿತ್ತು. ಮೂರನೆಯ ರವಿವಾರ ಜೀವರತ್ನ ರೈಲಿಳಿದವಳೇ ನೆಟ್ಟಗೆ ಬಂದು, ನಗುತ್ತಾ ಕೃಪಾಳ ಪಕ್ಕ ಕೂತಳು.

ಪಾದ್ರಿಗಳು ಹೆಸರು ಓದಿದರು. "ಈ ಮದುವೆಗೆ ಯಾರದಾದರೂ ತಕರಾರಿದ್ದರೆ ಈಗಲೇ ತಿಳಿಸಬೇಕು."

ಜೀವರತ್ನಳ ಮುಖದ ಬಣ್ಣವೇ ಇಳಿಯಿತು. "ಕೃಪಾ... ನಿಂದೇನ ಇದು?"

ಕೃಪಾ ತಲೆ ತಗ್ಗಿಸಿದಳು. ಜೀವರತ್ನ ಎದ್ದು ಬಾಗಿಲ ಕಡೆ ನಡೆದಳು.

"ತಕರಾರ ನಂದೈತ್ರಿ."

ಇಡೀ ಚರ್ಚು ತಿರುಗಿ ನೋಡಿತು. ಎದ್ದು ನಿಂತಿದ್ದವಳು ಮರಿಯವ್ವ, ಕೃಪಾಳ ಹೆತ್ತ ತಾಯಿ! ನಾಲ್ಕು ಜನರೆದುರು ಎಂದೂ ಬಾಯಿ ತೆರೆದವಳಲ್ಲ.

ಕೃಪಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವ್ವಗ ಗೊತ್ತಾಗೈತಿ. ಎಲ್ಲಾರ ಮುಂದ ಹೇಳತಾಳ... ಮುಗೀತು.

"ಅಕ್ಕಾ, ತಲಿ ಕೆಟ್ಟೈತೇನ ನಿಂಗ?" ಗಂಡಸರ ಕಡೆಯಿಂದ ಮಾವ ಗದರಿದ.

ಮರಿಯವ್ವ ಅತ್ತ ತಿರುಗಲೇ ಇಲ್ಲ. "ಅಯ್ಯನವರ, ಹುಡುಗನ ಕಡೆ ಏನೂ ತಪ್ಪಿಲ್ರಿ. ಹಾವೇರಿಗೆ ನಾನ ಹೋಗಿ ಅವರ ಕಾಲ ಹಿಡದ ಬರ್ತೀನಿ. ಆದ್ರ ನನ್ನ ಮಗಳ ಮನಸ ಅಲ್ಲಿಲ್ಲ. ದೇವರ ಮುಂದ ನಿಂತು ಆಕಿ ಸುಳ್ಳ ಮಾತ ಕೊಡೂದು ಬ್ಯಾಡ."

ಅಷ್ಟೇ. ಬೇರೆ ಒಂದಕ್ಷರವನ್ನೂ ಆಡಲಿಲ್ಲ. ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದ ಜೀವರತ್ನಳ ಬಳಿ ಹೋಗಿ, ಕೈ ಹಿಡಿದು ಕರೆತಂದು, ಮಗಳ ಪಕ್ಕದಲ್ಲೇ ಕೂರಿಸಿದಳು.

"ಅವ್ವಾ... ನಿನಗ ಹೆಂಗ ಗೊತ್ತಾತು?" ಕೃಪಾ ಪಿಸುಗುಟ್ಟಿದಳು.

"ಮಲಗೂ ಮುಂದ ದಿನಾ ಪ್ರಾರ್ಥನಾ ಮಾಡತಿದ್ದಿ. ಜೀವರತ್ನಳ ಮ್ಯಾಲಿನ ಪ್ರೀತಿ ನನ್ನ ಎದಿಯಿಂದ ತಗದ ಹಾಕು ದೇವರ, ಅಂತ ಅಳತಿದ್ದಿ. ಅವ್ವಗ ನಿದ್ದಿ ಹತ್ತೇತಿ ಅಂತ ತಿಳ್ಕೊಂಡಿದ್ದಿ." ಮರಿಯವ್ವ ಸೆರಗಿನಿಂದ ಮಗಳ ಕಣ್ಣೊರೆಸಿದಳು. "ದೇವರ ಹತ್ರ ಬೇಡಿ ಪಡಕೊಂಡ ಮಗಳ ನೀ. ಆತ ಹೆಂಗ ಮಾಡಿ ಕೊಟ್ಟಾನೋ ಹಂಗ ಇಟ್ಕೋತೀನಿ."

ಪಾದ್ರಿಗಳು ಆ ಮೂವರನ್ನೂ ನೋಡಿದರು. ಎಷ್ಟು ತಿಳಿಯಿತೋ, ಎಷ್ಟು ಊಹಿಸಿದರೋ. "ಈ ಮದುವೆ ನಿಂತಿತು" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಹೆಂಗಸರ ಸಾಲಿನ ಕಡೆ ತಿರುಗಿದರು. "ಜೀವರತ್ನ, ಹಾಡ ಸುರು ಮಾಡವ್ವ. ನೀ ಇಲ್ದ ಎರಡ ವಾರ ರಾಗಾನ ಕೂಡಿಲ್ಲ."

ಕೃಪಾ ಹಾಡಿನ ಪುಸ್ತಕ ತೆರೆದಳು. ಇನ್ನೊಂದು ಅಂಚನ್ನು ಜೀವರತ್ನ ಹಿಡಿದಳು.

"ಸಿಟ್ಟೇನ?" ಕೃಪಾ ಕೇಳಿದಳು.

"ಬಾಳ."

"ನೀ ಅಂದ್ರ ನನ್ನ ಜೀವ. ಹೇಳಾಕ ಅಂಜಿದೆ." ಕೃಪಾ ಗಂಡಸರ ಸಾಲು ನೋಡಿದಳು. "ಇಲ್ಲಿ ಗಂಡ ಹೆಂಡ್ತಿ ಸೈತ ಬ್ಯಾರೆ ಬ್ಯಾರೆ ಕುಂದರ್ತಾರ. ನಾವು ಒಂದ ಸಾಲಿನವರು, ನಮ್ಮಿಬ್ಬರನ್ನ ಯಾರ ಎಬ್ಬಸ್ತಾರ? ನೀನ ಎದ್ದ ಹೊಂಟಿದ್ದಿ..."

ಪುಸ್ತಕದ ಕೆಳಗೆ ಜೀವರತ್ನಳ ಬೆರಳು ಅವಳ ಬೆರಳನ್ನು ಹುಡುಕಿ ಹಿಡಿದವು.

"ಇನ್ನ ಏಳಂಗಿಲ್ಲ."