ಕಳ್ಳ ಓದಿದ ಉತ್ತರ

"ನೀವು... ನೀವು ಆರಾಮ ಅದೀರಾ?!"

ಕರೂರಿನ ಆ ಮನೆಯ ಕಟ್ಟೆಯ ಮುಂದೆ ಪಂಪಾವತಿ ಕೂಗಿದ ಕೂಗಿಗೆ ಅಲ್ಲೇ ಮಲಗಿದ್ದ ನಾಯಿ ಎದ್ದು ಓಡಿತು.

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಗದ್ದೆಯಿಂದ ಬಂದ ಯರ್ರಿಸ್ವಾಮಿ ಗಕ್ಕನೆ ನಿಂತ. ಎರಡು ವರ್ಷದ ಮೇಲೆ ಕಂಡ ಹುಡುಗಿ ಕೇಳುವ ಮೊದಲ ಮಾತಾ ಇದು!

"ಅದೀನಲ್ರಿ... ಯಾಕ, ಇರಬಾರದಿತ್ತಾ?"

ಪಂಪಾವತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈ ನೆಟ್ಟಗಿದೆ, ಕಾಲು ನೆಟ್ಟಗಿದೆ, ಅದೇ ನಗು. ಒಂದು ಗೀರು ಕೂಡ ಇಲ್ಲ! ಹೋದ ಜೀವ ಬಂದಂತಾಯಿತು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟಳು.

ಅಳದೆ ಇನ್ನೇನು ಮಾಡುತ್ತಾಳೆ ಹೇಳಿ! ಬಳ್ಳಾರಿಯ ಜೀನ್ಸ್ ಕಾರ್ಖಾನೆಯ ಆಫೀಸಿನಲ್ಲಿ ಅವಳ ಕೆಲಸ. ಎರಡು ವರ್ಷದ ಹಿಂದೆ ಇವನೂ ಅಲ್ಲೇ ದುಡಿಯುತ್ತಿದ್ದ. ನಿನ್ನೆ ಸಂಜೆ ಕಂಪ್ಯೂಟರ್ ಆಫ್ ಮಾಡುವ ಹೊತ್ತಿಗೆ ಇವನ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು. 'ಡಿಯರ್ ಮೇಡಂ, ವೈಜಾಗ್‌ನಲ್ಲಿ ಅಪಘಾತವಾಗಿದೆ. ಆಸ್ಪತ್ರೆಯಲ್ಲಿದ್ದೇನೆ. ಫೋನು, ಪರ್ಸು ಎಲ್ಲ ಹೋಗಿವೆ. ದಯವಿಟ್ಟು ಸಹಾಯ ಮಾಡಿ.' ಎಲ್ಲ ಇಂಗ್ಲಿಷಿನಲ್ಲಿ.

ಬೇರೆಯವರಾಗಿದ್ದರೆ ಅಲ್ಲೇ ಅನುಮಾನಪಡುತ್ತಿದ್ದರು. ನಮ್ಮ ಪಂಪಾವತಿ ಪಟ್ಟಿದ್ದು ದುಃಖ! 'ಪಂಪಾವತಿಯವ್ರೇ ಅಂತ ಬಾಯ್ತುಂಬ ಕರೀತಿದ್ದವನು ಈಗ ಡಿಯರ್ ಮೇಡಂ ಅಂತಾನಲ್ಲ... ನಾನು ಅಷ್ಟು ದೂರದವಳಾಗಿಬಿಟ್ಟೆನಾ?'

ಆಫೀಸಿಗೆ ಬರುವ ಲಾಟರಿ, ಬಹುಮಾನದ ಸುಳ್ಳು ಮೇಲ್‌ಗಳನ್ನು ದಿನಾ ಬೆಳಿಗ್ಗೆ ಹೆಕ್ಕಿ ಕಸಕ್ಕೆ ಹಾಕುವವಳು ಅವಳೇ. ಊರಿಗೆಲ್ಲ ಬುದ್ಧಿ ಹೇಳುವವಳು. ಆದರೆ ಅವನ ಹೆಸರು ಕಂಡ ಮೇಲೆ ಯಾವ ಬುದ್ಧಿ, ಎಲ್ಲಿಯ ಬುದ್ಧಿ!

ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕಣ್ಣೊರೆಸಿಕೊಳ್ಳುತ್ತಲೇ ಆ ಮೇಲ್‌ಗೆ ಉತ್ತರ ಬರೆದಳು. ಎರಡು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಬರೆದು ಕಳಿಸಿಬಿಟ್ಟಳು. ಬೆಳಗಾಗುತ್ತಲೇ ಅವನ ತಾಯಿಗೆ ಸುದ್ದಿ ಮುಟ್ಟಿಸಲು ಸಿರುಗುಪ್ಪದ ಬಸ್ಸು ಹತ್ತಿ ಕರೂರಿಗೆ ಬಂದಳು.

ಈಗ ನೋಡಿದರೆ ಮಹಾರಾಯ ಇಲ್ಲಿ ಕಲ್ಲುಗುಂಡಿನಂತೆ ನಿಂತಿದ್ದಾನೆ!

ಅವನ ತಾಯಿ ಹುಲುಗಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟಳು. "ಅಳಬ್ಯಾಡವ್ವ, ನೀರು ಕುಡಿ. ಏನಾತು ಹೇಳು."

ಪಂಪಾವತಿ ಮೇಲ್ ತೋರಿಸಿದಳು. ಯರ್ರಿಸ್ವಾಮಿ ಹಣೆ ಚಚ್ಚಿಕೊಂಡ.

"ಹೋದ ವಾರ ಒಂದು ಮೇಲ್ ಬಂದಿತ್ರಿ. ಬೀಜದ ಸಬ್ಸಿಡಿ ಮಂಜೂರಾಗೈತಿ, ಪಾಸ್‌ವರ್ಡ್ ಹಾಕ್ರಿ ಅಂತ..."

"ಹಾಕಿದ್ರಾ?"

"ಹಾಕಿಬಿಟ್ಟೀನ್ರಿ."

"ಫೋನ್ ಎಲ್ಲೈತಿ?"

"ಕಾಲುವಿಗೆ ಬಿತ್ತು. ರಿಪೇರಿಗೆ ಕೊಟ್ಟೀನಿ."

"ಭೇಷ್!" ಎಂದಳು ಪಂಪಾವತಿ. ಅಷ್ಟರಲ್ಲೇ ಅವಳ ಎದೆ ಧಸಕ್ಕೆಂದಿತು. ನನ್ನ ಉತ್ತರ! ಅದು ಇವನ ಮೇಲ್‌ನಲ್ಲೇ ಇದೆ!

ಅದೇ ಹೊತ್ತಿಗೆ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಒಬ್ಬ ಯುವತಿ ಹೊಸ್ತಿಲಿಗೆ ಬಂದಳು. 'ಅಯ್ಯೋ ದೇವರೇ... ಇವನ ಹೆಂಡತಿ!' ತಾನು ಬರೆದಿದ್ದು ಅಕ್ಷರ ಅಕ್ಷರ ನೆನಪಾಯಿತು. 'ನಿಮಗೆ ಮದುವಿ ಆಗೈತಿ ಅಂತ ಗೊತ್ತೈತಿ. ಆದ್ರೂ ಮನಸ್ಸು ಕೇಳವಲ್ದು. ಇವತ್ತಿಗೂ ನಿಮ್ಮ ಮ್ಯಾಲೇ ಜೀವ ಐತಿ.' ಇದನ್ನು ಈ ಹುಡುಗಿ ಓದಿದರೆ? ಒಂದು ಸಂಸಾರ ಹಾಳಾಗುತ್ತದೆ! ಏನಾದರೂ ಮಾಡಿ ಅಳಿಸಲೇಬೇಕು.

"ಮೊದ್ಲು ನಿಮ್ಮ ಮೇಲ್ ವಾಪಸ್ ತಗೋಬೇಕ್ರಿ, ಈಗಿಂದೀಗ!"

"ಇದ್ರಾಗ ನೋಡ್ರಿ ಅಕ್ಕ," ಎಂದು ಆ ಯುವತಿ ತನ್ನ ಫೋನು ಕೊಟ್ಟಳು. ಕಳ್ಳ ಪಾಸ್‌ವರ್ಡ್ ಬದಲಿಸಿದ್ದ. 'ಪಾಸ್‌ವರ್ಡ್ ಮರೆತಿದ್ದೀರಾ?' ಎಂಬುದನ್ನು ಒತ್ತಿದಾಗ, ನಲವತ್ತಾರರಲ್ಲಿ ಮುಗಿಯುವ ನಂಬರಿಗೆ ಕೋಡ್ ಕಳಿಸಿದ್ದೇವೆ ಎಂದು ಬಂತು.

ಯುವತಿ ಬಗ್ಗಿ ನೋಡಿದಳು. "ನಲವತ್ತಾರಾ? ಇದು ಅಣ್ಣನ ನಂಬರ್ ಅಲ್ಲಲ್ಲ?"

ಅಣ್ಣ!

"ನೀವು... ಇವ್ರ ತಂಗಿನಾ?"

"ಹೂನ್ರಿ, ಅನಿತಾ. ನನ್ನ ತೆಕ್ಕಲಕೋಟೆಗೆ ಕೊಟ್ಟಾರ. ನೀವು ಪಂಪಾವತಿ ಅಕ್ಕ ಅಲ್ರಿ? ಅಣ್ಣ ನಿಮಗ ನನ್ನ ಮದುವಿ ಕಾರ್ಡ್ ಕೊಟ್ಟಿದ್ನಲ್ಲ?"

ಕೊಟ್ಟಿದ್ದ. ಕಾರ್ಖಾನೆಯ ಕೆಲಸ ಬಿಟ್ಟ ದಿನ, "ಮನ್ಯಾಗ ಮದುವಿ ಐತಿ, ಬರಲೇಬೇಕು" ಎಂದು ಕೈಗಿಟ್ಟಿದ್ದ. ಪಕ್ಕದ ಟೇಬಲ್ಲಿನ ರಶ್ಮಿ, ಯರ್ರಿಸ್ವಾಮಿಗೇ ಮದುವೆಯಂತೆ ಎಂದಿದ್ದಳು. ಪಂಪಾವತಿ ಆ ಲಕೋಟೆಯನ್ನು ಒಡೆಯಲೂ ಇಲ್ಲ. ಡ್ರಾಯರಿನ ತಳಕ್ಕೆ ತುರುಕಿ, ಮನೆಗೆ ಹೋಗಿ ಹೊದ್ದು ಮಲಗಿದ್ದಳು.

"ಬಳ್ಳಾರಿಯಿಂದ ಬಂದ ಬಸ್ಸೆಲ್ಲ ನೋಡಿದ್ದೆ ಅವತ್ತು," ಎಂದ ಯರ್ರಿಸ್ವಾಮಿ ಮೆಲ್ಲಗೆ. "ನೀವು ಬರ್ಲಿಲ್ಲ. ನಮ್ಮಂಥವ್ರ ಮನಿಗೆ ಯಾಕ ಬರ್ತಾರ ಅಂದ್ಕೊಂಡು ಸುಮ್ನಾದೆ."

ಅಯ್ಯೋ ನನ್ನ ದಡ್ಡತನವೇ! ನಿಜವಾದ ಕಾಗದ ಒಡೆಯಲಿಲ್ಲ, ಸುಳ್ಳು ಮೇಲ್ ನಂಬಿ ಓಡಿ ಬಂದೆ!

ಅಷ್ಟರಲ್ಲಿ ಅವಳ ಬ್ಯಾಗಿನೊಳಗೆ ಫೋನು ಟಿಂಗ್ ಎಂದಿತು. ಕೋಡ್ ಬಂದಿತ್ತು. ನಲವತ್ತಾರು ಅವಳದೇ ನಂಬರು! ಕಾರ್ಖಾನೆಯಲ್ಲಿ ಅವನಿಗೆ ಈ ಮೇಲ್ ಖಾತೆ ಮಾಡಿಕೊಟ್ಟವಳು ಅವಳೇ. ಅವತ್ತು ಅವನ ಸಿಮ್ ಕೆಟ್ಟಿತ್ತು ಎಂದು ತನ್ನ ನಂಬರು ಹಾಕಿದ್ದಳು.

"ಇನ್ನೂ ಬದಲಿ ಮಾಡಿಲ್ಲಾ?"

"ಮನಸ್ಸು ಬರ್ಲಿಲ್ಲರಿ," ಎಂದ ಅವನು, ನೆಲ ನೋಡುತ್ತಾ.

ಹುಲುಗಮ್ಮ ಇಬ್ಬರ ಮುಖವನ್ನೂ ನೋಡಿದಳು. "ಅನಿತಾ, ಒಳಗ ಬಾ. ಒಲಿ ಮ್ಯಾಲೆ ಹಾಲೈತಿ." ಒಲೆ ಹಚ್ಚಿಯೇ ಇರಲಿಲ್ಲ, ಅದು ಬೇರೆ ಮಾತು.

ಪಂಪಾವತಿ ಹೊಸ ಪಾಸ್‌ವರ್ಡ್ ಹಾಕಿದಳು. ಮೇಲ್ ತೆರೆಯಿತು, ಸದ್ಯ! ಕಳ್ಳ ಇದೇ ಕಥೆಯನ್ನು ನಲವತ್ತು ಜನಕ್ಕೆ ಕಳಿಸಿದ್ದ. 'ಅದು ಸುಳ್ಳು, ನಾನು ಆರಾಮ ಇದ್ದೇನೆ, ಯಾರೂ ದುಡ್ಡು ಕಳಿಸಬೇಡಿ' ಎಂದು ಅವರಿಗೆಲ್ಲ ಅವನ ಹೆಸರಿನಲ್ಲೇ ಬರೆದಳು.

ಆಮೇಲೆ ಅವಳ ಉತ್ತರ, ಅದರ ಕೆಳಗೆ ಕಳ್ಳ ಬರೆದಿದ್ದ ಒಂದು ಸಾಲು ಕಣ್ಣಿಗೆ ಬಿತ್ತು.

"ಆ ಕಡಿ ತಿರುಗ್ರಿ."

"ಯಾಕ?"

"ಆ ಮೇಲ್‌ಗೆ ನಾ ಬರ್ದ ಉತ್ತರ ಅಳಿಸ್ಬೇಕು. ತಿರುಗ್ರಿ ಅಂದ್ರ ತಿರುಗ್ರಿ!"

ಪಾಪ, ಬೇವಿನ ಮರದ ಕಡೆ ತಿರುಗಿ ನಿಂತ. ಪಂಪಾವತಿ ಅಳಿಸಿದಳು, ಕಸದ ಪೆಟ್ಟಿಗೆಯಿಂದಲೂ ಅಳಿಸಿದಳು. ಅಬ್ಬಾ! ಉಸಿರು ನಿರಾಳವಾಯಿತು. ಮರುಗಳಿಗೆಯೇ ಏನೋ ಕಳೆದುಕೊಂಡಂತೆಯೂ ಆಯಿತು.

"ಆತಾ?"

"ಆತು."

"ನೀವು ಬರ್ದಿದ್ನ ಆ ಕಳ್ಳ ಓದಿದ್ನಾ?"

"...ಓದಿದ್ದ."

"ನೋಡ್ರಿ ಮತ್ತ! ಯಾವ ಊರಾವನೋ ಏನೋ, ನಿಮ್ಮ ಮನಸಿನ ಮಾತು ಅವನಿಗೆ ಗೊತ್ತು. ನನಗ ಗೊತ್ತಿಲ್ಲ. ಇದು ನ್ಯಾಯಾನಾ?"

ಪಂಪಾವತಿಯ ಮುಖ ಕೆಂಪಾಯಿತು. "ಮನಸಿನ ಮಾತು ಅಂತ ಯಾರು ಹೇಳಿದ್ರು ನಿಮಗ?"

"ಬರೇ ಯೋಗಕ್ಷೇಮ ಕೇಳಿದ್ರ ಅಳಿಸಾಕ ಹಿಂಗ ಒದ್ದಾಡಂಗಿಲ್ಲರಿ." ಅವನು ತಿರುಗಿದ. "ಅಷ್ಟು ಬರ್ದಿದ್ದಕ್ಕ ಅವನೇನಂದ?"

"ಇಪ್ಪತ್ತು ಸಾವಿರ ಕಳಿಸ್ರಿ ಅಂದ."

ಇಬ್ಬರೂ ನಕ್ಕುಬಿಟ್ಟರು. ಎಷ್ಟು ನಕ್ಕರೆಂದರೆ ಪಂಪಾವತಿಯ ಕಣ್ಣಲ್ಲಿ ಮತ್ತೆ ನೀರು ಬಂತು.

"ನಾನಾಗಿದ್ರ..." ಎಂದು ಅವನು ನಿಲ್ಲಿಸಿದ.

"ನೀವಾಗಿದ್ರ?"

"ಓದಿದ ಗಳಿಗಿಗೆ ಬಸ್ಸು ಹತ್ತಿ ನಿಮ್ಮೂರು ಕುರುಗೋಡಿಗೆ ಬರ್ತಿದ್ದೆ. ನಿಮ್ಮ ಅಪ್ಪಾರ ಮುಂದ ಕುಂತು, ಮಗಳ್ನ ಕೊಡ್ರಿ ಅಂತ ಕೇಳ್ತಿದ್ದೆ."

ಈ ಸಲವೂ ಬಾಯಿ ಮುಚ್ಚಿಕೊಂಡು ಹೋದರೆ ಇನ್ನೆಷ್ಟು ವರ್ಷ?

"ಹಂಗಾದ್ರ ಕೇಳ್ರಿ," ಎಂದಳು. "ಅದ್ರಾಗ ಬರ್ದಿದ್ದು ಇಷ್ಟೇ. ನಿಮ್ಮ ಮ್ಯಾಲೆ ಜೀವ ಐತಿ. ಅವತ್ತೂ ಇತ್ತು, ಇವತ್ತೂ ಐತಿ. ಎರಡು ವರ್ಷದಾಗ ಬಂದ ಗಂಡೆಲ್ಲ ಬ್ಯಾಡ ಅಂದೀನಿ."

ಯರ್ರಿಸ್ವಾಮಿ ಟವೆಲ್ ಬಿಚ್ಚಿ ಕಣ್ಣೊರೆಸಿಕೊಂಡ. ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಮೊದಲ ಸಲ ಅವಳ ಕೈ ಹಿಡಿದ.

"ಪಂಪಾವತಿ... ಕುರುಗೋಡಿಗೆ ಹೋಗಾಕ ಈಗ ಯಾವ ಬಸ್ಸೈತಿ?"

"ಈಗ್ಲೇನಾ?!"

"ಮತ್ತ? ಇನ್ನೊಬ್ಬ ಕಳ್ಳ ಬರೋ ತನಕ ಕಾಯ್ಲಾ?"

ಪಂಪಾವತಿ ಅವನ ಕಾಲಿನ ಕೆಸರು ನೋಡಿ, ಕಣ್ಣೀರಿನಲ್ಲೇ ನಕ್ಕಳು.

"ಬರ್ರಿ. ಮೊದ್ಲು ಕಾಲು ತೊಳ್ಕೊಂಡು ಬರ್ರಿ!"