ನಾತವಿಲ್ಲದ ಗುಂಡಿ

೨೦೬೩ರ ಬೇಸಿಗೆ. ದಾವಣಗೆರೆಯ ಹಳೇ ಪೇಟೆಯಲ್ಲಿ ಒಳಚರಂಡಿ ಗುಂಡಿಯಿಂದ ಮೇಲೆ ಬಂದ ತಿಪ್ಪೇಶ ಕೈಕಾಲು ತೊಳೆದುಕೊಂಡು, ಅದರ ಅಂಚಿನಲ್ಲೇ ಕೂತು ಬುತ್ತಿ ಬಿಚ್ಚಿದ. ದಾರಿಹೋಕರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಅವನಿಗೆ ಏನೂ ಅನ್ನಿಸಲಿಲ್ಲ. ವಾಸನೆಯ ಸುದ್ದಿಯನ್ನು ಮಿದುಳಿಗೆ ದಾಟಿಸುವ ಭಾಗಕ್ಕೆ ಘ್ರಾಣಕಂದ ಎನ್ನುತ್ತಾರೆ. ಮೂಗಿನ ಬುಡದಲ್ಲಿ ಕೂರಿಸಿದ್ದ ಸಾಸಿವೆ ಗಾತ್ರದ ಚಿಪ್ ಅದನ್ನು ಸುಮ್ಮನಾಗಿಸಿತ್ತು.

ನರವಿಜ್ಞಾನಿ ಡಾ. ಇಂದುಮತಿ ಕೊಪ್ಪದ ಆ ಚಿಪ್ ಕಂಡುಹಿಡಿದಿದ್ದು ಕ್ಯಾನ್ಸರ್ ರೋಗಿಗಳಿಗಾಗಿ. ಅನ್ನ ಬೇಯುವ ವಾಸನೆಗೇ ವಾಂತಿ ಮಾಡಿಕೊಳ್ಳುವವರು ನಾಲ್ಕು ತುತ್ತು ಉಣ್ಣಲಿ ಎಂಬುದು ಅವರ ಆಸೆ. ಒಳಚರಂಡಿ ಗುತ್ತಿಗೆ ಹಿಡಿದ ಕಂಪನಿಯೊಂದು ಅದನ್ನು ಕೇಳಿದಾಗ, ಕಾರ್ಮಿಕರ ಹಿಂಸೆ ಕಡಿಮೆಯಾಗುತ್ತದಲ್ಲ ಎಂದು ಸಂತೋಷದಿಂದಲೇ ಒಪ್ಪಿದ್ದರು.

ಆರು ತಿಂಗಳ ತಪಾಸಣೆಗೆ ತಿಪ್ಪೇಶ ಹೆಂಡತಿ ಗಂಗಮ್ಮನೊಂದಿಗೆ ಬಂದ.

“ಊಟ ರುಚಿಸುತ್ತಾ?” ಇಂದುಮತಿ ಕೇಳಿದರು.

“ಉಪ್ಪು, ಹುಳಿ ಗೊತ್ತಾಗ್ತದೆ ಮೇಡಂ. ಉಳಿದಿದ್ದೆಲ್ಲ ಮಣ್ಣು ತಿಂದಂಗೆ.”

ರುಚಿಯಲ್ಲಿ ದೊಡ್ಡ ಪಾಲು ಮೂಗಿನದೇ ಎಂದು ಇಂದುಮತಿ ವಿವರಿಸಿದರು.

“ಮಗಳ ನೆತ್ತಿ ಮೂಸಿದ್ರೂ ಏನೂ ಬರಲ್ಲಂತೆ,” ಎಂದಳು ಗಂಗಮ್ಮ. “ತೆಗೆದುಬಿಡ್ರಿ ಅದನ್ನ.”

“ಬ್ಯಾಡ,” ಎಂದ ತಿಪ್ಪೇಶ. “ಚಿಪ್ ಇಲ್ದೋರನ್ನ ಈಗ ಕೆಲಸಕ್ಕೆ ಕರೆಯಲ್ಲ.”

ಮೂರು ವಾರದ ನಂತರ ತಿಪ್ಪೇಶ ಗುಂಡಿಯಲ್ಲಿ ಕುಸಿದುಬಿದ್ದ. ಅವನನ್ನು ಎತ್ತಲು ಇಳಿದ ಜೊತೆಗಾರ ಭೈರಪ್ಪನೂ ಮೇಲೆ ಬರಲಿಲ್ಲ. ಒಳಗಿದ್ದದ್ದು ಕೊಳೆತ ಮೊಟ್ಟೆಯಂತೆ ನಾರುವ ವಿಷಾನಿಲ. ಅದು ಮೊದಲು ತೆಳುವಾಗಿ ಮೂಗಿಗೆ ಬಡಿಯುತ್ತದೆ. ಆಗಲೇ ಹಿಂದೆ ಸರಿದು ಹಳಬರು ಎಷ್ಟೋ ಸಲ ಜೀವ ಉಳಿಸಿಕೊಂಡಿದ್ದರು.

ಇಂದುಮತಿ ತಿಪ್ಪೇಶನ ಮನೆ ಹುಡುಕಿಕೊಂಡು ಹೋದರು. ಗಂಗಮ್ಮ ಅಳಲಿಲ್ಲ, ಬೈಯಲೂ ಇಲ್ಲ.

“ನಾತ ಬರದಂಗೆ ಮಾಡಾಕೆ ಇಷ್ಟೊಂದು ಓದಿದ್ರಿ,” ಎಂದಳು. “ಅವನು ಅದರಾಗೆ ಇಳೀದಂಗೆ ಮಾಡಾಕೆ ಯಾರೂ ಓದಲಿಲ್ವೇನ್ರಿ?”

ಇಂದುಮತಿಗೆ ಬಾಗಿಲು ದಾಟಿ ಒಳಗೆ ಹೋಗಲಾಗಲಿಲ್ಲ.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: “ಚಿಪ್ ಕೆಟ್ಟಿತ್ತೇ?”

“ಇಲ್ಲ,” ಎಂದರು ಇಂದುಮತಿ. “ಕೆಟ್ಟಿದ್ದರೆ ಇಬ್ಬರೂ ಬದುಕುತ್ತಿದ್ದರು.”

ಮುಂದಿನ ಚಿಪ್‌ಗಳಲ್ಲಿ ಅನಿಲ ಸೂಚಕ ಗಂಟೆ ಇರಲಿ ಎಂದು ವರದಿ ಶಿಫಾರಸು ಮಾಡಿತು. ಮನುಷ್ಯರನ್ನು ಅಂಥ ಗುಂಡಿಗೆ ಹಾಗೆ ಇಳಿಸಕೂಡದೆಂಬ ಕಾನೂನಿಗೆ ಆ ವರ್ಷ ಐವತ್ತು ತುಂಬಿತ್ತು. ವರದಿಯಲ್ಲಿ ಅದರ ಪ್ರಸ್ತಾಪವಿರಲಿಲ್ಲ.